ಹಣೆಗಿಷ್ಟು, ನಾಲಿಗೆಗಿಷ್ಟು

ಗುಬ್ಬಿ
೫ ಫೆಬ್ರುವರಿ ೨೦೨೪, ಸೋಮವಾರ

ಚಿರಂಜೀವಿ ಷಡಕ್ಷರಿಗೆ ಅಕ್ಕ ಸಿದ್ದಗಂಗಮ್ಮನ ಆಶೀರ್ವಾದ.

ಇವತ್ತು ಸೋಮವಾರ, ನನಗೆ ಒಪ್ಪೊತ್ತು. ಕೊಟ್ಟಿಗೆ ಗುಡಿಸಿ, ಹಾಲು ಕರೆದು ಡೇರಿಗೆ ಕಳಿಸಿ, ಬಾಗಿಲಿಗೆ ನೀರು ಹಾಕಿ, ಪೂಜೆ ಮುಗಿಸಿ ಈಗ ಕೂತಿದ್ದೇನೆ. ನಿಮ್ಮ ಭಾವ ತಿಂಡಿ ತಿಂದು ಹೊರಗೆ ಹೋದರು. ನಿನ್ನ ಮಗಳು ಕೃತಿಕಾ ಬೆಳಗಿನ ರೈಲಿಗೆ ತುಮಕೂರಿನ ಲಾ ಕಾಲೇಜಿಗೆ ಹೋದಳು. ಹೋಗುವಾಗ, "ಅತ್ತೆ, ಅಪ್ಪಂಗೆ ಬರೀತೀಯಲ್ಲ, ಆ ಕಾನೂನಿನ ವಿಚಾರ ಮರೀದೆ ಕೇಳು" ಅಂದು ಹೋಗಿದ್ದಾಳೆ.

ಅದೇನೆಂದರೆ, ನಿನ್ನ ಜೈಲಿರುವ ರಾಜ್ಯದ ವಿಧಾನಸಭೆಗೆ ಒಂದು ಮಸೂದೆ ಬಂದಿದೆಯಂತೆ. ಮಾದಕ ವಸ್ತುವಿನ ಕೇಸಿನಲ್ಲಿ ಉದ್ದದ ಶಿಕ್ಷೆ ಬಿದ್ದವರನ್ನು ಕೋರ್ಟು ಇನ್ನೊಮ್ಮೆ ಕರೆಸಿ, ನೋಡಿ, ಕಡಿಮೆ ಮಾಡಬಹುದಂತೆ. ಕೃತಿಕಾ ಫೋನಿನಲ್ಲಿ ಓದಿ ಹೇಳಿದಾಗ ಎದ್ದು ಹೋಗಿ ದೇವರಿಗೆ ದೀಪ ಹಚ್ಚಿದೆ. ಹೋಟೆಲ್ ಅಡುಗೆಗೆಂದು ಆ ಪರದೇಶಕ್ಕೆ ಹೋದವನು, ಆ ಹೋಟೆಲ್ ಮುಚ್ಚಿದ ಮೇಲೆ ಯಾರದ್ದೋ ವ್ಯಾನು ಓಡಿಸಿ, ಅದರೊಳಗೆ ಏನಿದೆ ಅಂತ ಗೊತ್ತಿಲ್ಲದೆ ಸಿಕ್ಕಿಬಿದ್ದೆ. ಹನ್ನೆರಡು ವರ್ಷ ಹಾಕಿದರು. ತಾಯಿಲ್ಲದ ಮಗು ಅಂತ ಕೃತಿಕಾಳನ್ನು ನನ್ನ ಮಡಿಲಿಗೆ ಹಾಕಿ ಹೋದಾಗ ಅವಳಿಗೆ ಹಲ್ಲು ಬೀಳುವ ವಯಸ್ಸು. ಈಗ ಕೋರ್ಟಿನ ಮಾತು ಆಡುತ್ತಾಳೆ.

ನಮ್ಮ ಮಗ ಕಾಂತೇಶ ಭಾನುವಾರ ಅಂತರಸನಹಳ್ಳಿ ಫ್ಯಾಕ್ಟರಿಗೆ ರಜ ಅಂತ ಬಂದಿದ್ದ. ಇಬ್ಬರಿಗೂ ಊಟದ ಹೊತ್ತಿನಲ್ಲಿ ಜಗಳ. ಅಲ್ಲಿ ಎರಡು ಪಕ್ಷವಂತೆ, ಒಂದರ ಗುರುತು ಆನೆ, ಇನ್ನೊಂದರದು ಕತ್ತೆಯಂತೆ. ಆನೆಯವರು ನಮ್ಮ ದೇಶಕ್ಕೆ ಬೇಕಾದವರು ಅಂತ ಇವನು, ಕತ್ತೆಯವರೇ ಅಪ್ಪನನ್ನು ಬಿಡಿಸುವವರು ಅಂತ ಅವಳು. "ಅಲ್ಲಿ ಓಟಿಲ್ಲದೋರು ನೀವಿಬ್ರೂ, ಮುದ್ದೆ ಆರ್ತದೆ, ಉಣ್ರಿ" ಅಂದೆ. ನಾನು ಮಾತ್ರ ಆನೆಯ ಕಡೆಗೇ ಬೇಡಿಕೊಂಡಿದ್ದೇನೆ. ಗಣಪನ ಮುಖ ಇಟ್ಟುಕೊಂಡವರು ಕೆಟ್ಟದ್ದು ಮಾಡಲಾರರು. ಕತ್ತೆಯನ್ನು ಗುರುತು ಮಾಡಿಕೊಂಡವರ ಬುದ್ಧಿ ಎಂಥದ್ದೋ.

ಹೋದ ವಾರ ಕುಣಿಗಲ್ಲಿಗೆ ಹೋದವಳು ಎಡಿಯೂರಿಗೂ ಹೋಗಿ ಬಂದೆ. ಗದ್ದುಗೆಯ ವಿಭೂತಿ ಪೊಟ್ಟಣ ಕಟ್ಟಿ ಈ ಕಾಗದದ ಒಳಗೆ ಇಟ್ಟಿದ್ದೇನೆ. ದಿನಾ ಸ್ನಾನ ಮಾಡಿ ಹಣೆಗಿಷ್ಟು ಹಚ್ಚಿಕೋ.

ನಿನ್ನ ಅಕ್ಕ

*

೧೭ ಮಾರ್ಚ್ ೨೦೨೪

ಅಕ್ಕನಿಗೆ ಷಡಕ್ಷರಿಯ ಶರಣು.

ನಿನ್ನ ಕಾಗದ ಬಂತು. ಜೈಲಿನವರು ಅದನ್ನು ಕನ್ನಡ ಬಲ್ಲವರು ಯಾರೋ ಒಬ್ಬರಿಂದ ಓದಿಸಿ, ಅವರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಮೇಲೆ ನನಗೆ ಕೊಡುತ್ತಾರೆ, ಅದಕ್ಕೇ ತಡ. ಅವರು ಯಾರು, ಎಲ್ಲಿರುತ್ತಾರೆ, ನನಗೆ ಗೊತ್ತಿಲ್ಲ. ಅದೂ ಅಸಲು ಕೈಗೆ ಬರುವುದಿಲ್ಲ, ಜೆರಾಕ್ಸ್ ಮಾತ್ರ. ನಿನ್ನ ಅಕ್ಷರದ ಕೊಂಬು, ದೀರ್ಘ ನೋಡಿದರೆ ಸಾಕು, ನೀನೇ ಎದುರಿಗೆ ಕೂತು ಗದರಿದ ಹಾಗೆ.

ಮಸೂದೆಯ ವಿಚಾರ ನಿಜ. ಆದರೆ ಅಕ್ಕ, ಇದು ಆನೆ ಕತ್ತೆಯ ಲೆಕ್ಕಕ್ಕೆ ಸಿಗುವುದಲ್ಲ. ನನ್ನಂಥವರನ್ನು ಒಳಗೆ ಹಾಕುವ ಕಾನೂನನ್ನು ಹಿಂದೆ ಎರಡೂ ಪಕ್ಷದವರು ಒಟ್ಟಿಗೆ ಕೈ ಎತ್ತಿ ಮಾಡಿದರು. ಈಗ ಅದನ್ನು ಸಡಿಲಿಸೋಣ ಅಂತ ಎದ್ದು ನಿಂತವನು ಆನೆ ಪಕ್ಷದ ಒಬ್ಬ ಮುದುಕ. ಅವನ ಮೊಮ್ಮಗಳು ಇದೇ ಥರದ ಕೇಸಿನಲ್ಲಿ ಒಳಗಿದ್ದಳಂತೆ. ಕಾಂತೇಶನಿಗೆ ಇದು ಹೇಳು, ಕುಣಿದಾಡಲಿ. ವಿರೋಧ ಮಾಡುತ್ತಿರುವವರಲ್ಲೂ ಎರಡು ಕಡೆಯವರಿದ್ದಾರೆ, ಅದನ್ನು ಕೃತಿಕಾಳಿಗೆ ಹೇಳು.

ಇಲ್ಲಿ ಬಡವರಿಗೆ ಬಿಟ್ಟಿಯಾಗಿ ಕೇಸು ನಡೆಸುವ ಒಬ್ಬ ವಕೀಲಮ್ಮ ಸಿಕ್ಕಿದ್ದಾರೆ. ಮಸೂದೆ ಪಾಸಾದರೆ ನನ್ನ ಅರ್ಜಿ ಮೊದಲ ಸಾಲಿನಲ್ಲೇ ಇರುತ್ತದೆ ಅಂದಿದ್ದಾರೆ.

ಹದಿನೈದು ದಿವಸ ನನಗೆ ಬೇರೆ ಕೋಣೆ ಕೊಟ್ಟಿದ್ದರು, ನಾನೊಬ್ಬನೇ. ಗಲಾಟೆ ಇರಲಿಲ್ಲ. ಈಗ ಮತ್ತೆ ಹಳೆಯ ಕೋಣೆಗೆ ಬಂದಿದ್ದೇನೆ.

ಇನ್ನು ಮೇಲೆ ಕಾಗದ ಮಾತ್ರ ಕಳಿಸು ಅಕ್ಕ. ವಿಭೂತಿ ಕಳಿಸಬೇಡ. ದಾರಿಯಲ್ಲಿ ಚೆಲ್ಲಿಹೋಗುತ್ತದೆ.

ಷಡಕ್ಷರಿ

*

ಗುಬ್ಬಿ
೧೫ ಏಪ್ರಿಲ್ ೨೦೨೪, ಸೋಮವಾರ

ಚಿ. ಷಡಕ್ಷರಿಗೆ ಆಶೀರ್ವಾದ.

ಒಪ್ಪೊತ್ತು, ಅದರ ಮೇಲೆ ಈ ಬಿಸಿಲು. ಸಂಡಿಗೆ ಇಟ್ಟು ಮಾಳಿಗೆಯಿಂದ ಇಳಿದು ಬಂದು ಬರೆಯುತ್ತಿದ್ದೇನೆ. ನಿನಗೆ ಪ್ರತ್ಯೇಕ ಕೋಣೆ ಕೊಟ್ಟರು ಅಂತ ಓದಿ ನಿಮ್ಮ ಭಾವನಿಗೂ ಹೇಳಿದೆ. ಅಲ್ಲಿಯೂ ಮನುಷ್ಯರು ಇದ್ದಾರೆ. ಒಂಟಿ ಕೋಣೆಯಿದ್ದರೆ ಪೂಜೆಗೂ ಅನುಕೂಲ. ವಾಪಸ್ಸು ಯಾಕೆ ಕಳಿಸಿದರು? ಕೇಳಿ ಅಲ್ಲೇ ಇರಬಾರದಿತ್ತಾ?

ವಿಭೂತಿ ಬೇಡ ಅಂದದ್ದು ನನ್ನ ಮನಸ್ಸಿಗೆ ಬಹಳ ಹತ್ತಿತು. ಚೆಲ್ಲಿಹೋದರೆ ಉಳಿದಷ್ಟು ಹಚ್ಚಿಕೊಳ್ಳುವುದು. ಅಲ್ಲಿ ಜೈಲಿಗೆ ಬರುವ ಪಾದ್ರಿಗಳು ಏನಾದರೂ ಹೇಳಿದರಾ? ಹೇಳಿದ್ದರೂ ನಾನು ಬಯ್ಯುವುದಿಲ್ಲ. ನೀನು ಸುಳ್ಳು ಹೇಳಬೇಡ, ಅಷ್ಟೇ.

ಇನ್ನೊಂದು ವಿಷಯ ಕೇಳುತ್ತೇನೆ, ತಪ್ಪು ತಿಳಿಯಬೇಡ. ನಮ್ಮ ಪಕ್ಕದ ಮನೆ ತ್ರಿವೇಣಿಯ ಮಗ ತುಮಕೂರಿನ ಬಟವಾಡಿಯಲ್ಲಿ ರೂಮು ಮಾಡಿಕೊಂಡು ಡಿಪ್ಲೊಮಾ ಓದುತ್ತಿದ್ದನಲ್ಲ, ಅವನು ಯಾವುದೋ ಮಾತ್ರೆ ನುಂಗುವುದು ಕಲಿತು, ಹೋದ ತಿಂಗಳು ತೀರಿಕೊಂಡ. ಮಣ್ಣು ಮಾಡಿ ಬಂದ ದಿನ ತ್ರಿವೇಣಿ ನನ್ನ ಕೈ ಹಿಡಿದುಕೊಂಡು, "ಅಕ್ಕ, ಮಾರ್ದೋನು ಸಿಕ್ಕವ್ನಂತೆ. ಅವ್ನು ಜೈಲಲ್ಲೇ ಕೊಳೀಬೇಕು ಅಂತ ಬೇಡ್ಕೊ, ನೀನು ಬೇಡ್ಕೊಂಡ್ರೆ ದೇವ್ರು ಕೇಳ್ತಾನೆ" ಅಂದಳು. ಹೂಂ ಅಂದೆ. ಬೇಡಿಕೊಂಡೆ ಕೂಡ. ಆಮೇಲೆ ನಿನ್ನ ಶಿಕ್ಷೆ ಕಡಿಮೆಯಾಗಲಿ ಅಂತ ಅದೇ ಗದ್ದುಗೆಯ ಮುಂದೆ ನಿಂತಾಗ ನಾಲಿಗೆ ಏಳಲಿಲ್ಲ. ನೀನು ತಪ್ಪು ಮಾಡಿಲ್ಲ, ನನಗೆ ಗೊತ್ತು. ಆದರೆ ನಿನ್ನ ಜೊತೆ ಬಿಡುಗಡೆಯಾಗುವವರೆಲ್ಲ ನಿನ್ನ ಹಾಗೇನಾ? ತ್ರಿವೇಣಿಯಂಥವರಿಗೆ ಆ ಕಾನೂನು ಏನು ಹೇಳುತ್ತದೆ?

ಅಕ್ಕ

*

೨೬ ಮೇ ೨೦೨೪

ಅಕ್ಕನಿಗೆ ಶರಣು.

ತ್ರಿವೇಣಕ್ಕನ ಮಗ ನನ್ನ ನೆನಪಿನಲ್ಲಿ ಚಡ್ಡಿ ಹಾಕಿಕೊಂಡು ಓಡಾಡುವ ಹುಡುಗ. ಆ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ.

ನೀನು ಕೇಳಿದ್ದನ್ನು ಇಲ್ಲಿಯ ವಿಧಾನಸಭೆಯಲ್ಲೂ ಕೇಳಿದರು. ಮಗನನ್ನು ಕಳಕೊಂಡ ಒಬ್ಬ ತಾಯಿ ಬಂದು, ಒಂದು ದಿನವೂ ಕಡಿಮೆ ಮಾಡಬೇಡಿ ಅಂತ ಅತ್ತಳಂತೆ. ಅವಳ ಪಕ್ಕದಲ್ಲೇ ಇನ್ನೊಬ್ಬ ತಾಯಿ, ಅವಳ ಮಗನೂ ಸತ್ತಿದ್ದಾನೆ. ಅವನಿಗೆ ಪುಡಿ ಕೊಟ್ಟವನು ಅವನಷ್ಟೇ ವಯಸ್ಸಿನ ಗೆಳೆಯ, ಅವನನ್ನು ಮೂವತ್ತು ವರ್ಷ ಕೂಡಿಹಾಕಿದರೆ ನನ್ನ ಮಗ ಬರುವುದಿಲ್ಲ ಅಂದಳಂತೆ. ನನಗೂ ಗೊತ್ತಿಲ್ಲ ಅಕ್ಕ, ಯಾರ ಮಾತು ಸರಿ ಅಂತ. ನನ್ನ ಕೋಣೆಯ ಜೊತೆಗಾರ ಮಾರುತ್ತಿದ್ದುದು ನಿಜ, ಅವನೇ ಹೇಳುತ್ತಾನೆ. ಮಾರಿದೆ ಅಂತ ಒಪ್ಪಿಕೊಂಡ ಅವನಿಗೆ ಐದು ವರ್ಷ. ನನಗೆ ಗೊತ್ತಿರಲಿಲ್ಲ ಅಂತ ನಿಜ ಹೇಳಿ ವಿಚಾರಣೆ ಕೇಳಿದ ನನಗೆ ಹನ್ನೆರಡು. ಮಸೂದೆ ಇಂಥದ್ದನ್ನು ಮತ್ತೆ ನೋಡಿ ಅಂತ ಹೇಳುತ್ತದೆ, ಬಾಗಿಲು ತೆಗೆದು ಎಲ್ಲರನ್ನೂ ಕಳಿಸಿ ಅಂತ ಹೇಳುವುದಿಲ್ಲ.

ಅದು ಪಾಸಾಯಿತು ಅಕ್ಕ. ಸ್ವಲ್ಪವೇ ಓಟಿನ ಅಂತರದಲ್ಲಿ ಪಾಸಾಯಿತು. ನನ್ನ ಅರ್ಜಿ ಸೆಪ್ಟೆಂಬರ್ ಕೊನೆಗೆ ಜಡ್ಜ್ ಮುಂದೆ ಬರುತ್ತದೆ. ಕಡಿಮೆ ಮಾಡಿದರೆ ಡಿಸೆಂಬರಿನೊಳಗೆ ನನ್ನನ್ನು ಊರಿಗೆ ವಿಮಾನ ಹತ್ತಿಸುತ್ತಾರೆ. ಷರತ್ತು ಒಂದೇ, ಜೈಲಿನಲ್ಲಿ ನನ್ನ ಹೆಸರಿನ ಮುಂದೆ ಒಂದು ತಪ್ಪೂ ಇರಬಾರದು. ಮೊದಲು ಸಣ್ಣದೊಂದು ಬರೆದಿದ್ದರು, ವಕೀಲಮ್ಮ ಹೋರಾಡಿ ತೆಗೆಸಿದ್ದಾರೆ.

ಪಾದ್ರಿಗಳು ಏನೂ ಹೇಳಿಲ್ಲ. ಅವರಿಗೆ ಬೇರೆ ಕೆಲಸವಿದೆ. ವಿಭೂತಿ ಮಾತ್ರ ಬೇಡ. ಯಾಕೆ ಅಂತ ಊರಿಗೆ ಬಂದು ಹೇಳುತ್ತೇನೆ, ನಗುವೆಯಂತೆ.

ಷಡಕ್ಷರಿ

*

ಗುಬ್ಬಿ
೧೨ ಆಗಸ್ಟ್ ೨೦೨೪, ಶ್ರಾವಣ ಸೋಮವಾರ

ಚಿ. ಷಡಕ್ಷರಿಗೆ ಆಶೀರ್ವಾದ.

ಶ್ರಾವಣದ ಎರಡನೇ ಸೋಮವಾರ. ಇವತ್ತು ಒಪ್ಪೊತ್ತೂ ಇಲ್ಲ, ಪೂರ್ತಿ ಉಪವಾಸ. ಮನೆಯೆಲ್ಲ ಸಾರಿಸಿ, ಪತ್ರೆ ಕೊಯ್ದು ತಂದು, ನಿನ್ನ ಹೆಸರಿನಲ್ಲಿ ಅಭಿಷೇಕ ಮಾಡಿಸಿಕೊಂಡು ಬಂದೆ.

ಕೃತಿಕಾ ನಿನಗೆ ಅಂತ ಮರಳೂರಿನ ಅಂಗಡಿಯಲ್ಲಿ ಶರ್ಟಿನ ಬಟ್ಟೆ ತಂದಿಟ್ಟಿದ್ದಾಳೆ. ಅಳತೆ ಗೊತ್ತಿಲ್ಲ, ಹೊಲಿಸಿಲ್ಲ. ನೀನು ಬಂದ ಮೇಲೆ ಒಳಗಿನ ರೂಮು ನಿನಗೆ. ಕಾಂತೇಶ ಸುಣ್ಣ ಹೊಡೆಸಿದ್ದಾನೆ. ತ್ರಿವೇಣಿಗೆ ನಿನ್ನ ಕಾಗದ ಓದಿ ಹೇಳಿದೆ. ಸಂಜೆ ಬಂದು, "ಷಡಕ್ಷರಿ ಬರ್ಲಿ ಬುಡಕ್ಕ, ಅವ್ನೇನು ನನ್ ಮಗಂಗೆ ಕೊಟ್ನಾ" ಅಂದು ಹೋದಳು. ಅವಳು ಅಷ್ಟು ಹೇಳಿದ್ದು ದೊಡ್ಡದು.

ನೀನು ಬೇಡ ಅಂದೆ, ಆದರೆ ಜಡ್ಜ್ ಮುಂದೆ ನಿಲ್ಲುವ ದಿನ ಬರಿ ಹಣೆಯಲ್ಲಿ ನಿಲ್ಲುತ್ತೀಯ ಅಂದರೆ ನನ್ನ ಜೀವ ಕೇಳುವುದಿಲ್ಲ. ಚೆಲ್ಲಿಹೋಗುತ್ತದೆ ಅಂದೆಯಲ್ಲ, ಅದಕ್ಕೆ ನಾನೇ ಒಂದು ದಾರಿ ಕಂಡುಕೊಂಡೆ. ಗದ್ದುಗೆಯ ವಿಭೂತಿಯನ್ನು ನೀರಿನಲ್ಲಿ ಕದಡಿ, ಈ ಹಾಳೆಯನ್ನು ಅದರಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಬರೆಯುತ್ತಿದ್ದೇನೆ. ನೋಡಿದರೆ ಬರಿ ಕಾಗದ, ಯಾರಿಗೂ ಗೊತ್ತಾಗುವುದಿಲ್ಲ. ಕೃತಿಕಾಳಿಗೂ ಹೇಳಿಲ್ಲ. ಈ ಸಲ ಜೆರಾಕ್ಸ್ ಬೇಡ, ಅಸಲೇ ಬೇಕು ಅಂತ ಕೇಳಿ ಇಸಿದುಕೋ. ಕೋರ್ಟಿಗೆ ಹೋಗುವ ಬೆಳಗ್ಗೆ ಒಂದು ಮೂಲೆ ಹರಿದು, ಒದ್ದೆ ಮಾಡಿ, ಹಣೆಗಿಷ್ಟು ಒತ್ತಿಕೋ, ನಾಲಿಗೆಗಿಷ್ಟು ಇಟ್ಟುಕೋ. ಯಾವ ಭಯವೂ ಇರುವುದಿಲ್ಲ.

ಅಕ್ಕ

*

ಗುಬ್ಬಿ
೧೪ ಅಕ್ಟೋಬರ್ ೨೦೨೪

ಷಡಕ್ಷರಿ, ಕೋರ್ಟಿನಲ್ಲಿ ಏನಾಯಿತು? ಆಯುಧಪೂಜೆಗೆ ಕಾಗದ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಒಂದು ಸಾಲು ಬರಿ.

*

ಗುಬ್ಬಿ
೨೫ ನವೆಂಬರ್ ೨೦೨೪, ಕಡೇ ಕಾರ್ತಿಕ ಸೋಮವಾರ

ಚಿ. ಷಡಕ್ಷರಿಗೆ.

ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತಿದ್ದೆ, ಕೈ ಬಿಟ್ಟು ಬರೆಯುತ್ತಿದ್ದೇನೆ. ಅಂಚೆಯ ಪುಟ್ಟರಂಗಯ್ಯ ನಮ್ಮ ಬೀದಿಗೆ ಬಂದರೆ ತಲೆ ತಗ್ಗಿಸಿ ಹೋಗುತ್ತಾರೆ, ಕಾಗದ ಇಲ್ಲ ಅಂತ ಬಾಯಲ್ಲಿ ಹೇಳುವುದು ಅವರಿಗೂ ಸಂಕಟ.

ಅಲ್ಲಿ ಚುನಾವಣೆ ಮುಗಿಯಿತು. ಆನೆ ಪಕ್ಷದವರು ಗೆದ್ದರು ಅಂತ ಕಾಂತೇಶ ಹೇಳಿದ. ಹೇಳಿದವನು ಖುಷಿಯಾಗಿ ಏನೂ ಇರಲಿಲ್ಲ. ನಿನ್ನ ಆ ರಾಜ್ಯದಲ್ಲೂ ಅವರೇ, ಆ ಕಾನೂನು ತೆಗೆಯುತ್ತೇವೆ ಅಂತ ಹೇಳಿಯೇ ಓಟು ಕೇಳಿದ್ದರಂತೆ. ಕೃತಿಕಾ ಅವನ ಜೊತೆ ಮಾತು ಬಿಟ್ಟಿದ್ದಾಳೆ. ಪಾಪ, ಅವನೇನು ಅಲ್ಲಿ ಹೋಗಿ ಓಟು ಹಾಕಿದನೇ?

ನಾನು ಆನೆಯ ಕಡೆಗೆ ಬೇಡಿಕೊಂಡಿದ್ದೆ ಅಂತ ನಿನಗೆ ಬರೆದಿದ್ದೆ. ಅದಕ್ಕೇ ನಿನಗೆ ನನ್ನ ಮೇಲೆ ಸಿಟ್ಟು ಅಂತ ಕಾಣುತ್ತದೆ. ಅಕ್ಕ ನನ್ನ ವೈರಿಗಳಿಗೆ ದೀಪ ಹಚ್ಚಿದಳು ಅಂದುಕೊಂಡೆಯಾ? ನನಗೆ ತಿಳಿದದ್ದು ಅಷ್ಟೇ ಕಣೋ. ಆನೆ ಅಂದರೆ ಗಣಪ, ಗಣಪ ಅಂದರೆ ವಿಘ್ನ ಕಳೆಯುವವನು. ಸಿಟ್ಟಿದ್ದರೆ ಬಯ್ದು ಬರಿ. ಸುಮ್ಮನಿರಬೇಡ.

ಅಕ್ಕ

*

೩೦ ಜನವರಿ ೨೦೨೫

ಅಕ್ಕನಿಗೆ ಷಡಕ್ಷರಿಯ ಶರಣು.

ಸಿಟ್ಟಿಲ್ಲ. ನಿನ್ನ ಮೇಲೆ ನನಗೆ ಯಾವತ್ತು ಸಿಟ್ಟು ಬಂದಿದೆ? ಮತ್ತೆ ಬೇರೆ ಕೋಣೆಯಲ್ಲಿದ್ದೆ, ಈ ಸಲ ಸ್ವಲ್ಪ ಹೆಚ್ಚು ದಿನ. ಅಲ್ಲಿ ಪೆನ್ನು ಕೊಡುವುದಿಲ್ಲ.

ಸೆಪ್ಟೆಂಬರಿನಲ್ಲಿ ಜಡ್ಜ್ ಕೇಸು ಮುಂದಕ್ಕೆ ಹಾಕಿದರು. ಕೋರ್ಟಿನ ಕಾರಣಗಳು, ನಿನಗೆ ಬರೆದರೆ ತಲೆನೋವು. ಅಷ್ಟರಲ್ಲಿ ಚುನಾವಣೆ ಬಂತು. ಈ ತಿಂಗಳು ಕಾನೂನು ವಾಪಸ್ ಪಡೆದರು. ಆನೆಯವರು ತೆಗೆಯಿರಿ ಅಂದರು, ಕತ್ತೆಯವರಲ್ಲೂ ಬಹಳ ಜನ ಮುಂದಿನ ಸಲ ಸೋಲುತ್ತೇವೆ ಅನ್ನುವ ಭಯಕ್ಕೆ ಕೈ ಎತ್ತಿದರು. ಮಸೂದೆ ತಂದ ಆ ಮುದುಕ ಒಬ್ಬನೇ ಎದ್ದು ನಿಂತು ಬೇಡ ಅಂದನಂತೆ, ಅವನ ಪಕ್ಷದವರೇ ಅವನನ್ನು ಕೂಗಿ ಕೂರಿಸಿದರಂತೆ. ಅರ್ಜಿ ಮುಗಿಯದವರದ್ದೆಲ್ಲ ಅಲ್ಲಿಗೇ ಬಿದ್ದುಹೋಯಿತು. ನನ್ನದೂ ಹಾಗೇ.

ಇನ್ನು ಉಳಿದದ್ದು ಪೂರ್ತಿ ಶಿಕ್ಷೆ. ಕೃತಿಕಾಳ ಮದುವೆ ನನಗೆ ಕಾಯುವುದು ಬೇಡ. ನೀನು, ಭಾವ ನಿಂತು ಧಾರೆ ಎರೆಯಿರಿ. ಶರ್ಟಿನ ಬಟ್ಟೆಯನ್ನು ಕಾಂತೇಶನ ಅಳತೆಗೆ ಹೊಲಿಸು.

ಇದು ಯಾರ ತಪ್ಪೂ ಅಲ್ಲ. ಹೀಗೆ ಆಗಬೇಕಿತ್ತು, ಆಯಿತು ಅಂದುಕೋ. ಇನ್ನು ಕಾಗದ ಬರೆಯದಿದ್ದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಷಡಕ್ಷರಿ

*

ತುಮಕೂರು
೧೭ ಮಾರ್ಚ್ ೨೦೨೫, ಸೋಮವಾರ

ಷಡಕ್ಷರಿ,

ಇವತ್ತೂ ಸೋಮವಾರವೇ, ಉಪವಾಸವೇ. ಆದರೆ ಈ ಕಾಗದವನ್ನು ನನ್ನ ಮನೆಯಲ್ಲಿ ಬರೆಯುತ್ತಿಲ್ಲ. ಕೊಟ್ಟಿಗೆ ಕೆಲಸ ಮುಗಿಸಿ, ತಲೆಗೆ ನೀರು ಹಾಕಿಕೊಂಡು, ಕೃತಿಕಾಳ ಜೊತೆ ಅವಳ ರೈಲಿಗೇ ತುಮಕೂರಿಗೆ ಬಂದೆ. ಅವಳ ಗೆಳತಿಯ ರೂಮಿನಲ್ಲಿ, ಅಂಗಡಿಯಿಂದ ಈಗ ತಂದ ಹೊಸ ಹಾಳೆಯಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯ ಗೂಡಿನಲ್ಲಿ, ಮಣೆಯ ಮೇಲೆ, ನನ್ನ ಸೆರಗಿನಲ್ಲಿ, ಎಲ್ಲ ಕಡೆ ವಿಭೂತಿಯೇ. ಅದರ ಧೂಳು ಈ ಹಾಳೆಗೆ ತಾಕಬಾರದು.

ನನಗೆ ಗೊತ್ತಾಯಿತು.

ಕೋರ್ಟಿನ ಕಾರಣಗಳು ಅಂತ ನೀನು ಬರೆದದ್ದು ಕೃತಿಕಾಳಿಗೆ ಒಪ್ಪಿಗೆಯಾಗಲಿಲ್ಲ. ಆ ವಕೀಲಮ್ಮನ ಈಮೇಲ್ ಹುಡುಕಿ ಅವಳೇ ಕೇಳಿದ್ದಾಳೆ. ಅವರು ಎಲ್ಲವನ್ನೂ ಬರೆದಿದ್ದಾರೆ. ಮಗು ಅದನ್ನು ಒಂದು ವಾರ ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡಿತು. ಒಂದು ಸಂಜೆ ನಾನು ಅವರೆಕಾಳು ಹಿಸುಕುತ್ತಾ ಕೂತಿದ್ದಾಗ ಬಂದು ಎದುರಿಗೆ ಕೂತಳು.

"ಅತ್ತೆ, ಶ್ರಾವಣದಲ್ಲಿ ಅಪ್ಪಂಗೆ ಬರೆದ ಹಾಳೇನ ನೀರಲ್ಲಿ ಅದ್ದಿದ್ಯಾ?"

"ಹೂಂ ಕಣೇ. ವಿಭೂತಿ ನೀರು."

"ನಾಲಿಗೆ ಮೇಲೆ ಇಟ್ಕೊ ಅಂತ ಬರ್ದಿದ್ಯಾ?"

"ಬರ್ದಿದ್ದೆ. ಯಾಕೆ?"

ಅವಳು ನನ್ನ ಕೈಯಿಂದ ಬಟ್ಟಲು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು. ಅಲ್ಲಿ ಜೈಲುಗಳಿಗೆ ಮಾದಕವನ್ನು ಹೀಗೇ ಕಳಿಸುತ್ತಾರಂತೆ, ಹಾಳೆಗೆ ನೆನೆಸಿ, ಒಣಗಿಸಿ. ಒಳಗಿದ್ದವರು ಮೂಲೆ ಹರಿದು ನಾಲಿಗೆಗೆ ಇಟ್ಟುಕೊಳ್ಳುತ್ತಾರಂತೆ. ಮೊದಲ ಸಲ ನಾನು ಕಳಿಸಿದ ಪೊಟ್ಟಣಕ್ಕೇ ನಿನ್ನನ್ನು ಹದಿನೈದು ದಿವಸ ಕತ್ತಲೆ ಕೋಣೆಯಲ್ಲಿ ಹಾಕಿದ್ದರಂತೆ. ನಾನು ಅದನ್ನು ಓದಿ, ಪೂಜೆಗೆ ಅನುಕೂಲ ಅಂತ ಬರೆದೆ.

ಕೋರ್ಟಿನಲ್ಲಿ ಸರ್ಕಾರದ ವಕೀಲರು ನನ್ನ ಕಾಗದವನ್ನು ಇಂಗ್ಲಿಷಿನಲ್ಲಿ ಓದಿದರಂತೆ. ಯಾರಿಗೂ ಗೊತ್ತಾಗುವುದಿಲ್ಲ ಅಂತ ನಾನು ಬರೆದದ್ದನ್ನು ಎರಡು ಸಲ ಓದಿದರಂತೆ. ನೀನು ಎದುರಿಗೆ ನಿಂತು ಅದನ್ನು ಕೇಳಿದೆಯಲ್ಲ. ಲ್ಯಾಬಿನಿಂದ ಉತ್ತರ ಬರುವ ತನಕ ವಿಚಾರಣೆ ಇಲ್ಲ ಅಂದರಂತೆ ಜಡ್ಜ್. ಉತ್ತರ ಬಂದದ್ದು ಫೆಬ್ರುವರಿಯಲ್ಲಿ. ಬರಿ ಬೂದಿ, ಬೇರೇನೂ ಇಲ್ಲ ಅಂತ. ಅಷ್ಟು ಹೊತ್ತಿಗೆ ಕಾನೂನೇ ಇರಲಿಲ್ಲ.

ಇದೆಲ್ಲ ಕೇಳಿ ನಾನು ಅಳಲಿಲ್ಲ. ಕೊನೆಗೆ ಅವಳು ಹೇಳಿದ್ದಕ್ಕೆ ಅತ್ತುಬಿಟ್ಟೆ. ಅದು ವಿಭೂತಿ, ನಾನೇ ಅದ್ದಿದ್ದು ಅಂತ ನಿಮ್ಮಕ್ಕನಿಂದ ಒಂದು ಹೇಳಿಕೆ ತರಿಸು, ಜಡ್ಜ್ ಒಪ್ಪಬಹುದು ಅಂತ ಆ ವಕೀಲಮ್ಮ ನಿನಗೆ ಹೇಳಿದರಂತೆ. ನೀನು ಬೇಡ ಅಂದೆಯಂತೆ. ನಮ್ಮಕ್ಕನಿಗೆ ಇದು ಗೊತ್ತಾಗಬಾರದು, ಗೊತ್ತಾದರೆ ಮತ್ತೆ ಗದ್ದುಗೆಯ ಮುಂದೆ ನಿಲ್ಲಲಾರಳು ಅಂದೆಯಂತೆ.

ಯಾಕೋ ಹಾಗಂದೆ? ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ನಿಂತು ಹೇಳುತ್ತಿದ್ದೆ. ನನ್ನ ಭಕ್ತಿ ಉಳಿಸಲಿಕ್ಕೆ ನೀನು ಇನ್ನಷ್ಟು ವರ್ಷ ಒಳಗೆ ಕೂರುವುದಾ? ಮೊದಲ ಪೊಟ್ಟಣದ ದಿನವೇ ಹೀಗಾಯಿತು ಅಂತ ಒಂದು ಸಾಲು ಬರೆದಿದ್ದರೆ ಎರಡನೆಯದು ಆಗುತ್ತಿರಲಿಲ್ಲ. ಚೆಲ್ಲಿಹೋಗುತ್ತದೆ ಅಂದೆ. ನಾನು ನಂಬಿ, ಚೆಲ್ಲದ ಹಾಗೆ ಮಾಡಿದೆ.

ಹೋದ ಗುರುವಾರ ತುಮಕೂರು ಕೋರ್ಟಿನ ಹತ್ತಿರ ನೋಟರಿ ಲಕ್ಷ್ಮೀನರಸಿಂಹಯ್ಯನವರ ಮುಂದೆ ಹೇಳಿಕೆ ಬರೆದು ಸಹಿ ಹಾಕಿದ್ದೇನೆ. ಈಗ ಇದರಿಂದ ಏನೂ ಆಗಲಿಕ್ಕಿಲ್ಲ ಅಂತ ಕೃತಿಕಾ ಹೇಳಿದಳು. ನಿನ್ನ ಹೆಸರಿನ ಮುಂದಿನ ಆ ತಪ್ಪಾದರೂ ಅಳಿಯಲಿ ಅಂತ ಕಳಿಸಿದ್ದೇವೆ. ತ್ರಿವೇಣಿಯೂ ಜೊತೆಗೆ ಬಂದು ಸಾಕ್ಷಿಗೆ ಸಹಿ ಹಾಕಿದಳು. ನಾನು ಕರೆದಿರಲಿಲ್ಲ.

ಇವತ್ತು ಹಣೆ ಒರೆಸಿಕೊಂಡು ಬಂದಿದ್ದೇನೆ. ಅಪ್ಪ ಲಿಂಗ ಕಟ್ಟಿಸಿದ ದಿನದಿಂದ ನನ್ನ ಹಣೆ ಬರಿದಾಗಿದ್ದಿಲ್ಲ. ರೈಲಿನಲ್ಲಿ ಗುರುತಿನವರೊಬ್ಬರು ಯಾಕಮ್ಮ ಹಣೆ ಬರಿದು ಅಂದರು, ಮರೆತೆ ಅಂದೆ. ನೀನು ಬರುವವರೆಗೆ ನಿನಗೆ ಬರೆಯುವ ದಿನ ಹೀಗೇ. ನಿನಗೆ ಬರೆಯುವುದನ್ನು ಮಾತ್ರ ಬಿಡುವುದಿಲ್ಲ. ಶರ್ಟಿನ ಬಟ್ಟೆ ಪೆಟ್ಟಿಗೆಯಲ್ಲೇ ಇರುತ್ತದೆ.

ಇನ್ನು ಮುಂದಿನದು ನಿನಗಲ್ಲ, ಅಲ್ಲಿ ಕೂತು ನನ್ನ ಕನ್ನಡವನ್ನು ಓದುವವರಿಗೆ.

ಸ್ವಾಮಿ, ತಾಯಿ, ನೀವು ಯಾರೋ ನನಗೆ ತಿಳಿಯದು. ಕನ್ನಡ ಬಲ್ಲಿರಿ ಅಂದ ಮೇಲೆ ಈ ಕಡೆಯವರೇ ಇರಬೇಕು. ಹಣೆಗಿಷ್ಟು, ನಾಲಿಗೆಗಿಷ್ಟು ಅಂದರೆ ಏನು ಅಂತ ನಿಮ್ಮ ಅಮ್ಮನೂ ನಿಮಗೆ ಹೇಳಿದ್ದಿರಬಹುದು. ಜೈಲಿನವರಿಗೆ ನೀವು ಅದನ್ನು ಹೇಳಲಿಲ್ಲವೋ, ಹೇಳಿದರೂ ಅವರು ಕೇಳಲಿಲ್ಲವೋ, ನಾನು ನಿಮ್ಮನ್ನು ದೂರುವುದಿಲ್ಲ. ಈ ಹಾಳೆಯಲ್ಲಿ ಏನೂ ಇಲ್ಲ. ಕೈ ತೊಳೆದು ಬರೆದಿದ್ದೇನೆ, ಹಣೆಯಲ್ಲೂ ಏನೂ ಇಲ್ಲ. ಮೂಸಿ ನೋಡಿ, ನೀರಿನಲ್ಲಿ ಹಾಕಿ ನೋಡಿ, ಬೇಕಾದರೆ ಜೆರಾಕ್ಸೇ ಕೊಡಿ. ನನ್ನ ತಮ್ಮ ಇನ್ನು ಬರೆಯಬೇಡ ಅಂದದ್ದಕ್ಕೆ ಇದು ನನ್ನ ಉತ್ತರ. ನೀವು ಓದಿದ ಮೇಲೆ ಇದು ಎಲ್ಲಾದರೂ ಮೂಲೆಯಲ್ಲಿ ಬಿದ್ದಿದ್ದರೆ ದಯವಿಟ್ಟು ಹುಡುಕಿ ತಂದು ಅವನ ಕೈಗೆ ಕೊಡಿ.